ಪಾಲಿ ಟೂಲ್ ಕೈಕೊಟ್ಟಾಗ: ಪಾಲಿಲಿತ್ ವರ್ಕ್‌ಸ್ಪೇಸ್‌ನಲ್ಲಿ ದೋಷ ಹುಡುಕುವ ಬಗೆ

ಕ್ಲೋಜರ್ ಭಾಷೆಯಲ್ಲಿ ದೊಡ್ಡ ವ್ಯವಸ್ಥೆಯನ್ನು ಇಟ್ಟಿಗೆ ಇಟ್ಟಿಗೆಯಾಗಿ ಕಟ್ಟಿ, ಒಂದೇ ಗಿಟ್ ರೆಪೊದಲ್ಲಿ ಇಟ್ಟುಕೊಳ್ಳುವ ವಿಧಾನಕ್ಕೆ ಪಾಲಿಲಿತ್ ಎಂದು ಹೆಸರು. ಅದರ ಕಮಾಂಡ್ ಲೈನ್ ಟೂಲ್ ‘ಪಾಲಿ’. ವರ್ಕ್‌ಸ್ಪೇಸ್ ಒಳಗೆ ನಾಲ್ಕು ಫೋಲ್ಡರ್ ಇರುತ್ತವೆ: ಕಾಂಪೊನೆಂಟ್ಸ್, ಬೇಸಸ್, ಪ್ರಾಜೆಕ್ಟ್ಸ್, ಡೆವಲಪ್‌ಮೆಂಟ್. ಒಂದೊಂದು ಕೆಲಸ ಹೊತ್ತ ತುಣುಕು ಕಾಂಪೊನೆಂಟ್, ಹೊರಜಗತ್ತಿಗೆ ತೆರೆದುಕೊಳ್ಳುವ ತುಣುಕು ಬೇಸ್. ಎರಡನ್ನೂ ಸೇರಿಸಿ ಬ್ರಿಕ್ ಅನ್ನುತ್ತಾರೆ. ಬ್ರಿಕ್‌ಗಳನ್ನು ಆರಿಸಿ ಒಂದು ಡಿಪ್ಲಾಯ್ ಆಗುವ ವಸ್ತುವನ್ನಾಗಿ ಮಾಡುವುದು ಪ್ರಾಜೆಕ್ಟ್. ಇಷ್ಟು ಗೊತ್ತಿದ್ದು, ಟೂಲ್ ಹಟ ಹಿಡಿದಾಗ ಎಲ್ಲಿಂದ ನೋಡಬೇಕು ಎಂದು ತೋಚದವರಿಗಾಗಿ ಈ ಕೈಪಿಡಿ.

ಓದುವ ಮುನ್ನ ಒಂದು ಮಾತು. ಕಮಾಂಡ್, ಫೈಲ್ ಹೆಸರು, ಎರರ್ ಎಲ್ಲವನ್ನೂ ಇಲ್ಲಿ ಉಚ್ಚಾರಣೆಯಂತೆ ಕನ್ನಡದಲ್ಲೇ ಬರೆದಿದೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಹೊಡೆಯಿರಿ. ಉದಾಹರಣೆಗೆ ಬಳಸಿದ ವರ್ಕ್‌ಸ್ಪೇಸ್‌ನ ಹೆಸರು ‘ಅಂಗಡಿ’. ಅದರಲ್ಲಿ ಬಿಲ್ಲು, ಗಿರಾಕಿ, ದಾಸ್ತಾನು ಎಂಬ ಮೂರು ಕಾಂಪೊನೆಂಟ್, ಕೌಂಟರ್ ಎಂಬ ಒಂದು ಬೇಸ್, ಗಲ್ಲಾ ಎಂಬ ಒಂದು ಪ್ರಾಜೆಕ್ಟ್.

ಪಾಲಿ ಎಂದು ಹೊಡೆದರೆ ಬೇರೇನೋ ತೆರೆದುಕೊಳ್ಳುತ್ತದೆ

ಉಬುಂಟು, ಡೆಬಿಯನ್‌ನಲ್ಲಿ ಇದು ಮೊದಲ ಹೊಂಡ. ಟೂಲ್ ಹಾಕಿಕೊಳ್ಳದೆ ‘ಪಾಲಿ’ ಎಂದು ಹೊಡೆದರೆ, ‘ಪಾಲಿಎಂಎಲ್’ ಪ್ಯಾಕೇಜ್ ಹಾಕಿಕೊಳ್ಳಿ ಎಂದು ಸಿಸ್ಟಮ್ ಸಲಹೆ ಕೊಡಬಹುದು. ಹೆಸರು ಹೊಂದುತ್ತದಲ್ಲ ಎಂದು ಹಾಕಿದರೆ ಮುಗಿಯಿತು. ಅದು ಸ್ಟ್ಯಾಂಡರ್ಡ್ ಎಂಎಲ್ ಭಾಷೆಯ ಕಂಪೈಲರ್. ಪಾಲಿಲಿತ್‌ಗೂ ಅದಕ್ಕೂ ಯಾವ ನಂಟೂ ಇಲ್ಲ. ಎರಡರ ಕಮಾಂಡ್ ಹೆಸರೂ ‘ಪಾಲಿ’, ಅಷ್ಟೇ. ಗುರುತು ಹಿಡಿಯುವುದು ಸುಲಭ. ಬರೀ ‘ಪಾಲಿ’ ಎಂದು ಹೊಡೆದಾಗ ಪಾಲಿಲಿತ್ ತನ್ನ ಶೆಲ್ ತೆರೆದು, ವರ್ಕ್‌ಸ್ಪೇಸ್ ಹೆಸರಿನ ಮುಂದೆ ಡಾಲರ್ ಚಿಹ್ನೆ ಇರುವ ಪ್ರಾಂಪ್ಟ್ ಕೊಡುತ್ತದೆ. ಎಂಎಲ್ ಕಂಪೈಲರ್ ಆದರೆ ಒಂದು ಒಂಟಿ ‘>’ ಕೊಟ್ಟು ಸುಮ್ಮನೆ ಕೂರುತ್ತದೆ.

‘ಟೈಪ್ -ಎ ಪಾಲಿ’ ಎಂದು ಕೇಳಿ. ಪಾತ್‌ನಲ್ಲಿ (ಶೆಲ್ ಕಮಾಂಡ್‌ಗಳನ್ನು ಹುಡುಕುವ ಫೋಲ್ಡರ್‌ಗಳ ಪಟ್ಟಿ) ಆ ಹೆಸರಿನವು ಎಷ್ಟಿವೆಯೋ ಅಷ್ಟನ್ನೂ ಕ್ರಮವಾಗಿ ತೋರಿಸುತ್ತದೆ. ಮೊದಲ ಸಾಲಿನದೇ ಓಡುವುದು. ಆಪಲ್ ಸಿಲಿಕಾನ್ ಮ್ಯಾಕ್‌ಗಳಲ್ಲಿ ಹೋಮ್‌ಬ್ರೂ ‘/ಆಪ್ಟ್/ಹೋಮ್‌ಬ್ರೂ/ಬಿನ್’ ಒಳಗೆ ಇಡುತ್ತದೆ, ಹಳೆಯ ಇಂಟೆಲ್ ಮ್ಯಾಕ್‌ಗಳಲ್ಲಿ ‘/ಯುಎಸ್‌ಆರ್/ಲೋಕಲ್/ಬಿನ್’ ಒಳಗೆ. ಹಳೆ ಮ್ಯಾಕ್‌ನಿಂದ ಹೊಸದಕ್ಕೆ ಎಲ್ಲವನ್ನೂ ಎತ್ತಿ ಸಾಗಿಸಿದವರಲ್ಲಿ ಎರಡೂ ಕಡೆ ಒಂದೊಂದು ಪಾಲಿ ಕೂತಿರುತ್ತದೆ. ಅಪ್‌ಗ್ರೇಡ್ ಮಾಡಿದರೂ ‘ಪಾಲಿ ವರ್ಶನ್’ ಹಳೆಯ ಸಂಖ್ಯೆಯನ್ನೇ ಹೇಳುತ್ತಿದ್ದರೆ ಕಾರಣ ಇದೇ ಇರಬೇಕು. ಹಳೆಯದನ್ನು ತೆಗೆದ ಮೇಲೆ ಅದೇ ಟರ್ಮಿನಲ್‌ನಲ್ಲಿ ‘ಹ್ಯಾಶ್ -ಆರ್’ ಹೊಡೆಯಿರಿ, ಇಲ್ಲವಾದರೆ ಶೆಲ್ ನೆನಪಿಟ್ಟುಕೊಂಡ ಹಳೆಯ ಜಾಗಕ್ಕೇ ಹೋಗುತ್ತದೆ.

ಲಿನಕ್ಸ್‌ನಲ್ಲಿ ಜಾರ್ ಫೈಲ್ (ಜಾವಾ ಓಡಿಸುವ ಪ್ರೋಗ್ರಾಂ ಕಟ್ಟು) ಇಳಿಸಿಕೊಂಡು, ಅದನ್ನು ಓಡಿಸುವ ನಾಲ್ಕು ಸಾಲಿನ ಸ್ಕ್ರಿಪ್ಟ್ ತಾವೇ ಬರೆದುಕೊಳ್ಳುವವರೂ ಇದ್ದಾರೆ. ಅಲ್ಲಿ ಮೂರು ತಪ್ಪು ಮತ್ತೆ ಮತ್ತೆ ಕಾಣುತ್ತವೆ. ‘ಪರ್ಮಿಶನ್ ಡಿನೈಡ್’ ಬಂದರೆ ‘ಸಿಎಚ್‌ಮಾಡ್ +ಎಕ್ಸ್’ ಮರೆತಿದೆ. ‘ಅನೇಬಲ್ ಟು ಆ್ಯಕ್ಸೆಸ್ ಜಾರ್‌ಫೈಲ್’ ಬಂದರೆ ಹೊಸ ಆವೃತ್ತಿಯ ಜಾರ್ ಇಟ್ಟಿದ್ದೀರಿ, ಸ್ಕ್ರಿಪ್ಟ್‌ನಲ್ಲಿ ಮಾತ್ರ ಹಳೆಯ ಆವೃತ್ತಿಯ ಹೆಸರೇ ಉಳಿದಿದೆ. ಇದಕ್ಕೆ ಜಾರ್ ಹೆಸರಿನಿಂದ ಆವೃತ್ತಿ ಸಂಖ್ಯೆ ಕಿತ್ತು ಬರೀ ‘ಪಾಲಿ.ಜಾರ್’ ಎಂದಿಡುವುದೇ ಒಳ್ಳೆಯದು. ‘ಬ್ಯಾಡ್ ಇಂಟರ್‌ಪ್ರಿಟರ್’ ಎಂದು ಬಂದು, ಪಕ್ಕದಲ್ಲಿ ಕ್ಯಾರೆಟ್ ಚಿಹ್ನೆಯ ಜೊತೆ ಎಂ ಅಕ್ಷರ ಕಂಡರೆ, ಸ್ಕ್ರಿಪ್ಟ್ ವಿಂಡೋಸ್ ಎಡಿಟರ್‌ನಲ್ಲಿ ಹುಟ್ಟಿದೆ. ಸಾಲಿನ ಕೊನೆಯ ಕ್ಯಾರೇಜ್ ರಿಟರ್ನ್ ತೆಗೆದರೆ ಸರಿಹೋಗುತ್ತದೆ.

ಜಾವಾ ಎರಡಿದ್ದರೆ

‘ಅನ್‌ಸಪೋರ್ಟೆಡ್ ಕ್ಲಾಸ್ ವರ್ಶನ್’ ಎಂಬ ಎರರ್‌ನಲ್ಲಿ ಎರಡು ಸಂಖ್ಯೆ ಇರುತ್ತವೆ: ಕ್ಲಾಸ್ ಫೈಲ್ ಬಯಸುವ ಆವೃತ್ತಿ, ಮತ್ತು ಈಗಿರುವ ಜಾವಾ ಒಪ್ಪುವ ಗರಿಷ್ಠ ಆವೃತ್ತಿ. 52 ಎಂದರೆ ಜಾವಾ 8, 55 ಎಂದರೆ 11, 61 ಎಂದರೆ 17, 65 ಎಂದರೆ 21. ಸಂಖ್ಯೆಯಿಂದ 44 ಕಳೆದರೆ ಜಾವಾ ಆವೃತ್ತಿ ಸಿಗುತ್ತದೆ. ಕೋಷ್ಟಕ ನೆನಪಿಡುವ ಗೋಜಿಲ್ಲ.

ಇಲ್ಲಿ ಜನ ಸಾಮಾನ್ಯವಾಗಿ ‘ಜಾವಾ_ಹೋಮ್’ ಬದಲಿಸುತ್ತಾರೆ, ಏನೂ ಆಗುವುದಿಲ್ಲ. ಯಾಕೆಂದರೆ ‘ಕ್ಲೋಜರ್’ ಕಮಾಂಡ್ ಮೊದಲು ‘ಜಾವಾ_ಸಿಎಂಡಿ’ ಇದೆಯೇ ನೋಡುತ್ತದೆ, ಆಮೇಲೆ ಪಾತ್‌ನಲ್ಲಿರುವ ಜಾವಾ ಹುಡುಕುತ್ತದೆ. ಎರಡೂ ಸಿಗದಿದ್ದಾಗಲೇ ‘ಜಾವಾ_ಹೋಮ್’ ಕಡೆ ತಿರುಗುವುದು. ಪಾಲಿ ಜಾರ್ ಓಡಿಸುವ ಸ್ಕ್ರಿಪ್ಟ್ ಕೂಡ ಪಾತ್‌ನ ಜಾವಾವನ್ನೇ ಕರೆಯುತ್ತದೆ. ಹಾಗಾಗಿ ತಿದ್ದಬೇಕಾದ್ದು ಪಾತ್.

ವರ್ಕ್‌ಸ್ಪೇಸ್ ಒಳಗಿದ್ದೂ ವರ್ಕ್‌ಸ್ಪೇಸ್ ಕಾಣುವುದಿಲ್ಲ

ಪಾಲಿ ಕಮಾಂಡ್‌ಗಳು ವರ್ಕ್‌ಸ್ಪೇಸ್‌ನ ಬೇರು ಫೋಲ್ಡರ್‌ನಿಂದಲೇ, ಅಂದರೆ ‘ವರ್ಕ್‌ಸ್ಪೇಸ್.ಇಡಿಎನ್’ ಇರುವ ಕಡೆಯಿಂದಲೇ ಓಡಬೇಕು. ಕಾಂಪೊನೆಂಟ್ ಫೋಲ್ಡರ್‌ಗೆ ಇಳಿದು ಕೆಲಸ ಮಾಡುವ ಅಭ್ಯಾಸವಿದ್ದರೆ ಕಮಾಂಡ್‌ನ ಕೊನೆಗೆ ಎರಡು ಕೋಲನ್ ಸೇರಿಸಿ: ‘ಪಾಲಿ ಇನ್ಫೋ ::’. ಟೂಲ್ ತಾನೇ ಮೇಲಕ್ಕೆ ಹತ್ತಿ ಬೇರನ್ನು ಹುಡುಕಿಕೊಳ್ಳುತ್ತದೆ.

ಅಕ್ಷರಗಳ ನಡುವೆ ಚೌಕ ಕಂಸ, ಸಂಖ್ಯೆ, ಎಂ ಎಂದು ಕಸ ಕಂಡರೆ ನಿಮ್ಮ ಟರ್ಮಿನಲ್‌ಗೆ ಬಣ್ಣದ ಸಂಕೇತ ಅರ್ಥವಾಗುತ್ತಿಲ್ಲ. ‘ಕಲರ್-ಮೋಡ್:ನನ್’ ಸೇರಿಸಿ. ಬಿಳಿ ಹಿನ್ನೆಲೆಯಲ್ಲಿ ಹೆಸರುಗಳು ಮಸುಕಾಗಿದ್ದರೆ ‘ಕಲರ್-ಮೋಡ್:ಲೈಟ್’. ಪ್ರತಿಸಲ ಬರೆಯುವುದು ಬೇಡ ಅನಿಸಿದರೆ ಹೋಮ್ ಫೋಲ್ಡರ್‌ನ ‘.ಕಾನ್ಫಿಗ್/ಪಾಲಿಲಿತ್/ಕಾನ್ಫಿಗ್.ಇಡಿಎನ್’ ಫೈಲ್‌ನಲ್ಲಿ ಒಮ್ಮೆ ಬರೆದಿಡಿ.

ಹೊಸ ಕಾಂಪೊನೆಂಟ್ ಮಾಡಿದೆ, ರೆಪ್ಲ್‌ಗೆ ಸಿಗುತ್ತಿಲ್ಲ

ರೆಪ್ಲ್ ಎಂದರೆ ಕೋಡನ್ನು ಅಲ್ಲಲ್ಲೇ ಓಡಿಸಿ ನೋಡುವ ಕ್ಲೋಜರ್ ಕಿಟಕಿ. ‘ಪಾಲಿ ಕ್ರಿಯೇಟ್ ಕಾಂಪೊನೆಂಟ್ ನೇಮ್:ಗಿರಾಕಿ’ ಎಂದರೆ ಫೋಲ್ಡರ್ ಮತ್ತು ಫೈಲ್‌ಗಳಷ್ಟೇ ಹುಟ್ಟುತ್ತವೆ. ಬೇರಿನ ‘ಡೆಪ್ಸ್.ಇಡಿಎನ್’ ಫೈಲ್‌ಗೆ (ಅವಲಂಬನೆಗಳ ಪಟ್ಟಿ) ಟೂಲ್ ಕೈ ಹಾಕುವುದಿಲ್ಲ. ಅಲ್ಲಿ ಸೇರಿಸುವುದು ನಿಮ್ಮ ಕೆಲಸ. ಸೇರಿಸಬೇಕಾದ್ದು ಎರಡು ಕಡೆ, ಎಡವುವುದು ಎರಡನೆಯದರಲ್ಲಿ.

ಮೊದಲನೆಯದು ‘:ಡೆವ್’ ಅಲಿಯಾಸ್‌ನ (ಹೆಸರಿಟ್ಟ ಸೆಟ್ಟಿಂಗ್‌ಗಳ ಗುಂಪು) ‘:ಎಕ್ಸ್‌ಟ್ರಾ-ಡೆಪ್ಸ್’ ಒಳಗೆ ‘ಪಾಲಿ/ಗಿರಾಕಿ’, ಅದರ ‘:ಲೋಕಲ್/ರೂಟ್’ ಬೆಲೆ ‘ಕಾಂಪೊನೆಂಟ್ಸ್/ಗಿರಾಕಿ’. ಎರಡನೆಯದು ‘:ಟೆಸ್ಟ್’ ಅಲಿಯಾಸ್‌ನ ‘:ಎಕ್ಸ್‌ಟ್ರಾ-ಪಾತ್ಸ್’ ಒಳಗೆ ‘ಕಾಂಪೊನೆಂಟ್ಸ್/ಗಿರಾಕಿ/ಟೆಸ್ಟ್’. ಇದನ್ನು ಪ್ರತ್ಯೇಕವಾಗಿ ಬರೆಯಬೇಕಾದ್ದು ಯಾಕೆ? ಲೋಕಲ್ ಅವಲಂಬನೆ ತಂದಾಗ ಅದರ ‘:ಪಾತ್ಸ್’ ಮತ್ತು ‘:ಡೆಪ್ಸ್’ ಮಾತ್ರ ಜೊತೆಗೆ ಬರುತ್ತವೆ, ಅದರೊಳಗಿನ ಅಲಿಯಾಸ್‌ಗಳು ಬರುವುದಿಲ್ಲ. ಟೆಸ್ಟ್ ಫೋಲ್ಡರ್ ಇರುವುದೋ ಅಲಿಯಾಸ್ ಒಳಗೆ. ಕ್ಲೋಜರ್‌ನ ಅವಲಂಬನೆ ಲೆಕ್ಕದ ನಿಯಮವೇ ಹೀಗೆ. ಪಾಲಿಯನ್ನು ಬೈದು ಪ್ರಯೋಜನವಿಲ್ಲ.

‘ಪಾಲಿ ಇನ್ಫೋ’ ಕೋಷ್ಟಕದಲ್ಲಿ ಇದು ನೇರವಾಗಿ ಕಾಣುತ್ತದೆ. ಪ್ರತಿ ಬ್ರಿಕ್‌ನ ಎದುರು ಮೂರು ಅಕ್ಷರದ ಜಾಗವಿದೆ. ಮೊದಲನೆಯದು ಎಸ್, ಅಂದರೆ ಸೋರ್ಸ್ ಆ ಪ್ರಾಜೆಕ್ಟ್‌ನಲ್ಲಿದೆ. ಎರಡನೆಯದು ಟಿ, ಟೆಸ್ಟ್ ಫೋಲ್ಡರ್ ಇದೆ. ಮೂರನೆಯದು ಎಕ್ಸ್, ಈಗ ‘ಪಾಲಿ ಟೆಸ್ಟ್’ ಹೊಡೆದರೆ ಅದರ ಟೆಸ್ಟ್‌ಗಳು ಓಡುತ್ತವೆ. ಇಲ್ಲದ್ದರ ಜಾಗದಲ್ಲಿ ಗೀಟು. ‘ಎಸ್ - -’ ಎಂದಿದ್ದರೆ ಟೆಸ್ಟ್ ಪಾತ್ ಮರೆತಿದ್ದೀರಿ. ‘- - -’ ಎಂದಿದ್ದರೆ ಸೇರಿಸಿಯೇ ಇಲ್ಲ. ಪ್ರಾಜೆಕ್ಟ್‌ನ ಅಲಿಯಾಸ್ ಕಾಲಂನಲ್ಲಿ ಪ್ರಶ್ನೆ ಚಿಹ್ನೆ ಕಂಡರೆ ಗಾಬರಿ ಬೇಡ, ‘ವರ್ಕ್‌ಸ್ಪೇಸ್.ಇಡಿಎನ್’ನ ‘:ಪ್ರಾಜೆಕ್ಟ್ಸ್’ ಒಳಗೆ ಆ ಪ್ರಾಜೆಕ್ಟ್‌ಗೆ ಒಂದು ಚಿಕ್ಕ ಅಲಿಯಾಸ್ ಕೊಡಿ, ಹೋಗುತ್ತದೆ.

ಬದಲಾವಣೆ ಮಾಡಿದ ಮೇಲೆ ರೆಪ್ಲ್ ನಿಲ್ಲಿಸಿ ಮತ್ತೆ ಹಚ್ಚಿ. ಕ್ಲಾಸ್‌ಪಾತ್, ಅಂದರೆ ಕೋಡ್ ಹುಡುಕುವ ಜಾಗಗಳ ಪಟ್ಟಿ, ನಿಗದಿಯಾಗುವುದು ಶುರುವಿನಲ್ಲೇ. ಶುರು ಮಾಡುವಾಗ ‘ಡೆವ್’ ಮತ್ತು ‘ಟೆಸ್ಟ್’ ಎರಡೂ ಅಲಿಯಾಸ್ ಆರಿಸಿರಬೇಕು; ಪ್ರೊಫೈಲ್ (ಒಂದೇ ಇಂಟರ್‌ಫೇಸ್‌ನ ಕಾಂಪೊನೆಂಟ್‌ಗಳಲ್ಲಿ ಯಾವುದು ಬೇಕೆಂದು ಆರಿಸುವ ಅಲಿಯಾಸ್) ಬಳಸುತ್ತಿದ್ದರೆ ‘+ಡೀಫಾಲ್ಟ್’ ಕೂಡ. ಅದೂ ಆಗಿ ಸಿಗದಿದ್ದರೆ ‘.ಸಿಪಿಕ್ಯಾಶ್’ ಫೋಲ್ಡರ್ ಅಳಿಸಿ, ಅಥವಾ ‘ಕ್ಲೋಜರ್ -ಎಸ್‌ಫೋರ್ಸ್’ ಕೊಟ್ಟು ಕ್ಲಾಸ್‌ಪಾತ್ ಹೊಸದಾಗಿ ಲೆಕ್ಕ ಹಾಕಿಸಿ.

ಇನ್ನೊಂದು ಹಳೆಯ ರೋಗ ಹೈಫನ್ನಿನದು. ಕಾಂಪೊನೆಂಟ್ ಹೆಸರು ‘ಗಿರಾಕಿ-ಸಾಲ’ ಅನ್ನಿ. ಹೊರಗಿನ ಫೋಲ್ಡರ್ ‘ಕಾಂಪೊನೆಂಟ್ಸ್/ಗಿರಾಕಿ-ಸಾಲ’ ಎಂದೇ ಇರುತ್ತದೆ. ‘ಎಸ್‌ಆರ್‌ಸಿ’ ಒಳಗಿನ ಫೋಲ್ಡರ್ ಮಾತ್ರ ‘ಗಿರಾಕಿ_ಸಾಲ’ ಆಗಬೇಕು, ನೇಮ್‌ಸ್ಪೇಸ್ ಬರೆಯುವಾಗ ಮತ್ತೆ ಹೈಫನ್. ಟೂಲ್ ಕೈಯಲ್ಲಿ ಮಾಡಿಸಿದರೆ ತಪ್ಪಾಗುವುದಿಲ್ಲ. ಹಳೆಯ ಕಾಂಪೊನೆಂಟನ್ನು ಕಾಪಿ ಮಾಡಿ ಹೆಸರು ಬದಲಿಸಿದಾಗ ಆಗುವ ಎಡವಟ್ಟು ಇದು.

ಪಾಲಿ ಚೆಕ್ ಸಂಖ್ಯೆ ಕೊಟ್ಟು ಬೈಯುತ್ತದೆ

‘ಪಾಲಿ ಚೆಕ್’ ಎಲ್ಲ ಸರಿಯಿದ್ದರೆ ‘ಓಕೆ’ ಅನ್ನುತ್ತದೆ. ಇಲ್ಲದಿದ್ದರೆ 100ರ ಸಾಲಿನ ಎರರ್, 200ರ ಸಾಲಿನ ವಾರ್ನಿಂಗ್. ಎರರ್ ಉಳಿದಿದ್ದರೆ ‘ಪಾಲಿ ಟೆಸ್ಟ್’ ಕೂಡ ಮುಂದೆ ಹೋಗುವುದಿಲ್ಲ. ಸಂದೇಶಗಳು ಚೆನ್ನಾಗಿಯೇ ಇವೆ, ಆದರೂ ಕೆಲವಕ್ಕೆ ವಿವರಣೆ ಬೇಕು.

101: ಒಂದು ಬ್ರಿಕ್ ಇನ್ನೊಂದು ಕಾಂಪೊನೆಂಟ್‌ನ ಒಳಮನೆಗೆ ನುಗ್ಗಿದೆ. ಕೌಂಟರ್ ಬೇಸ್ ‘ಬಿಲ್ಲು.ಕೋರ್’ ಅನ್ನು ನೇರ ರಿಕ್ವೈರ್ ಮಾಡಿದರೆ ಇದು ಬರುತ್ತದೆ, ಮಾಡಬೇಕಾದ್ದು ‘ಬಿಲ್ಲು.ಇಂಟರ್‌ಫೇಸ್’, ಅಂದರೆ ಆ ಕಾಂಪೊನೆಂಟ್ ಹೊರಗಿನವರಿಗೆ ತೆರೆದಿಟ್ಟ ಬಾಗಿಲು. ಬೇಕಾದ ಫಂಕ್ಷನ್ ಇಂಟರ್‌ಫೇಸ್‌ನಲ್ಲಿ ಇಲ್ಲದಿದ್ದರೆ ಅಲ್ಲಿ ಒಂದು ಸಾಲಿನ ಫಂಕ್ಷನ್ ಬರೆದು, ಕೆಲಸವನ್ನು ಕೋರ್‌ಗೆ ದಾಟಿಸಿ. ಇದು ಬರೀ ಶಿಷ್ಟಾಚಾರ ಅನಿಸಬಹುದು, ಆದರೆ ಕಾಂಪೊನೆಂಟನ್ನು ಮುಂದೆ ಬದಲಿಸಲು ಸಾಧ್ಯವಾಗುವುದು ಈ ಗೋಡೆಯಿಂದಲೇ.

104: ಸುತ್ತು ಅವಲಂಬನೆ. ‘ಬಿಲ್ಲು > ಗಿರಾಕಿ > ಬಿಲ್ಲು’ ಎಂದು ಸರಣಿ ತೋರಿಸುತ್ತದೆ. “ಕ್ಲೋಜರ್ ಸುಮ್ಮನೆ ಲೋಡ್ ಮಾಡುತ್ತಿದೆಯಲ್ಲ, ಪಾಲಿಗೇನು ತಕರಾರು?” ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. ಕ್ಲೋಜರ್ ನೋಡುವುದು ನೇಮ್‌ಸ್ಪೇಸ್ ಮಟ್ಟದ ಸುತ್ತನ್ನು, ಪಾಲಿ ನೋಡುವುದು ಕಾಂಪೊನೆಂಟ್ ಮಟ್ಟದ್ದನ್ನು. ಬಿಲ್ಲಿನ ಒಂದು ನೇಮ್‌ಸ್ಪೇಸ್ ಗಿರಾಕಿಯನ್ನು ಕರೆದು, ಗಿರಾಕಿಯು ಬಿಲ್ಲಿನ ಬೇರೊಂದು ಇಂಟರ್‌ಫೇಸ್ ನೇಮ್‌ಸ್ಪೇಸನ್ನು ಕರೆದರೆ ಕ್ಲೋಜರ್‌ಗೆ ಸುತ್ತು ಇಲ್ಲ, ಪಾಲಿಗೆ ಇದೆ. ಪರಿಹಾರ ಬಹುಪಾಲು ಒಂದೇ. ಇಬ್ಬರಿಗೂ ಬೇಕಾದ ತುಣುಕನ್ನು ಮೂರನೆಯ ಕಾಂಪೊನೆಂಟ್‌ಗೆ ಎತ್ತಿಡಿ. ಗಿರಾಕಿಗೆ ಹಳೆಯ ಬಿಲ್ಲುಗಳ ಬಾಕಿ ಬೇಕು, ಬಿಲ್ಲಿಗೆ ಗಿರಾಕಿಯ ಹೆಸರು ಬೇಕು ಎಂದಾದರೆ, ಬಾಕಿಯ ಲೆಕ್ಕ ‘ಖಾತೆ’ ಎಂಬ ಹೊಸ ಕಾಂಪೊನೆಂಟ್‌ಗೆ ಹೋಗಲಿ. ಯಾರು ಯಾರನ್ನು ಕರೆಯುತ್ತಾರೆ ಎಂದು ನೋಡಲು ‘ಪಾಲಿ ಡೆಪ್ಸ್ ಬ್ರಿಕ್:ಗಿರಾಕಿ’.

ಸುತ್ತು ತಪ್ಪಿಸಲು ‘ರಿಕ್ವೈರಿಂಗ್-ರಿಸಾಲ್ವ್’ ಹಾಕುವ ಜಾಣತನ ಬೇಡ. ಪಾಲಿ ಅವಲಂಬನೆ ಲೆಕ್ಕ ಹಾಕುವುದು ಫೈಲ್ ತಲೆಯ ‘ಎನ್‌ಎಸ್’ ಭಾಗ ಓದಿ. ಫಂಕ್ಷನ್ ಒಳಗೆ ಮರೆಮಾಡಿದ ಅವಲಂಬನೆ ಅದಕ್ಕೆ ಕಾಣುವುದಿಲ್ಲ. ಚೆಕ್ ಹಸಿರಾಗುತ್ತದೆ, ಆದರೆ ಬಿಲ್ಲು ಬದಲಾದಾಗ ಗಿರಾಕಿಯ ಟೆಸ್ಟ್ ಓಡುವುದಿಲ್ಲ.

106 ಮತ್ತು 107 ಅಣ್ಣತಮ್ಮಂದಿರು. ಒಂದೇ ಇಂಟರ್‌ಫೇಸ್ ಹೊತ್ತ ಎರಡು ಕಾಂಪೊನೆಂಟ್ ಒಂದೇ ಪ್ರಾಜೆಕ್ಟ್‌ನಲ್ಲಿದ್ದರೆ 106. ಬೇಕಾದ ಇಂಟರ್‌ಫೇಸ್‌ಗೆ ಒಂದೂ ಕಾಂಪೊನೆಂಟ್ ಇಲ್ಲದಿದ್ದರೆ 107. ಮೊದಲನೆಯದು ಡೆವಲಪ್‌ಮೆಂಟ್ ಪ್ರಾಜೆಕ್ಟ್‌ನಲ್ಲಿ ಬಂದರೆ ಆ ಎರಡನ್ನೂ ‘:ಡೆವ್’ನಿಂದ ತೆಗೆದು ‘:+ಡೀಫಾಲ್ಟ್’, ‘:+ರಿಮೋಟ್’ ಹೀಗೆ ಬೇರೆ ಬೇರೆ ಪ್ರೊಫೈಲ್ ಅಲಿಯಾಸ್‌ಗಳಲ್ಲಿಡಿ. ಎರಡೂ ಕಡೆ ಉಳಿಸಿದರೆ ವಾರ್ನಿಂಗ್ 203 ಬರುತ್ತದೆ.

107 ನೋಡೋಣ. ಬಿಲ್ಲು ಕಾಂಪೊನೆಂಟ್ ದಾಸ್ತಾನಿನ ಇಂಟರ್‌ಫೇಸ್ ಬಳಸುತ್ತದೆ. ಡೆವಲಪ್‌ಮೆಂಟ್‌ನಲ್ಲಿ ಎಲ್ಲವೂ ಇರುವುದರಿಂದ ರೆಪ್ಲ್‌ನಲ್ಲಿ ಚೆನ್ನಾಗಿ ಓಡುತ್ತದೆ. ಗಲ್ಲಾ ಪ್ರಾಜೆಕ್ಟ್‌ನ ‘ಡೆಪ್ಸ್.ಇಡಿಎನ್’ನಲ್ಲಿ ಬಿಲ್ಲು ಇದೆ, ದಾಸ್ತಾನು ಇಲ್ಲ. ಕಾಂಪೊನೆಂಟ್‌ಗಳು ಒಂದನ್ನೊಂದು ತಮ್ಮ ‘ಡೆಪ್ಸ್.ಇಡಿಎನ್’ನಲ್ಲಿ ಹೆಸರಿಸುವುದಿಲ್ಲ, ಯಾವ ಇಂಟರ್‌ಫೇಸ್‌ಗೆ ಯಾವ ಕಾಂಪೊನೆಂಟ್ ಎಂದು ತೀರ್ಮಾನಿಸುವುದು ಪ್ರಾಜೆಕ್ಟ್. ಆದ್ದರಿಂದ ದಾಸ್ತಾನು ತಾನಾಗಿ ಬರುವುದಿಲ್ಲ. ಸೇರಿಸುವಾಗ ಬೇರಿನ ಫೈಲ್‌ನಿಂದ ಸಾಲನ್ನು ಕಾಪಿ ಮಾಡಿ ಹಾಗೇ ಅಂಟಿಸಬೇಡಿ. ಬೇರಿನಲ್ಲಿ ದಾರಿ ‘ಕಾಂಪೊನೆಂಟ್ಸ್/ದಾಸ್ತಾನು’, ಪ್ರಾಜೆಕ್ಟ್ ಒಳಗಿನಿಂದ ಅದು ‘../../ಕಾಂಪೊನೆಂಟ್ಸ್/ದಾಸ್ತಾನು’. ಲೋಕಲ್ ಲೈಬ್ರರಿ ಸಿಗಲಿಲ್ಲ ಎಂಬ ದೂರು ಬಂದರೆ ಈ ಎರಡು ಮೆಟ್ಟಿಲನ್ನೇ ಮೊದಲು ನೋಡಿ.

109 ಎಂದರೆ ಯಾವುದೋ ಕಾನ್ಫಿಗ್ ಫೈಲ್ ಮುರಿದಿದೆ: ಆವರಣ ಮುಚ್ಚಿಲ್ಲ, ಒಂದೇ ಕೀ ಎರಡು ಸಲ ಬಂದಿದೆ, ಇಲ್ಲವೇ ಮ್ಯಾಪ್‌ನಲ್ಲಿ ಕೀ ಇದ್ದು ಬೆಲೆ ಇಲ್ಲ. ವಾರ್ನಿಂಗ್ 202 ಎಂದರೆ ಹೇಳಿದ ದಾರಿಯಲ್ಲಿ ಫೋಲ್ಡರ್ ಇಲ್ಲ. ಗಿಟ್ ಖಾಲಿ ಫೋಲ್ಡರ್‌ಗಳನ್ನು ಇಟ್ಟುಕೊಳ್ಳುವುದಿಲ್ಲವಾದ್ದರಿಂದ ಇನ್ನೊಬ್ಬರ ಗಣಕದಲ್ಲಿ ಮಾತ್ರ ಈ ವಾರ್ನಿಂಗ್ ಕಾಣುವುದುಂಟು. ಖಾಲಿ ಫೋಲ್ಡರ್‌ನಲ್ಲಿ ‘.ಕೀಪ್’ ಎಂಬ ಫೈಲ್ ಇಟ್ಟು ಕಮಿಟ್ ಮಾಡಿ. 207 ಬಂದರೆ ಪ್ರಾಜೆಕ್ಟ್‌ನಲ್ಲಿ ಯಾರೂ ಕರೆಯದ ಕಾಂಪೊನೆಂಟ್ ಇದೆ. ತೆಗೆಯುವ ಮುಂಚೆ ಅದು ಮೇಲೆ ಹೇಳಿದ ಹಾಗೆ ಮರೆಯಲ್ಲಿ ಲೋಡ್ ಆಗುವಂಥದ್ದೇ ಎಂದು ಖಚಿತಪಡಿಸಿಕೊಳ್ಳಿ.

ಟೆಸ್ಟ್ ಓಡುವುದೇ ಇಲ್ಲ. ಇಲ್ಲವೇ ಪ್ರತಿಸಲ ಎಲ್ಲವೂ ಓಡುತ್ತವೆ

ಎರಡೂ ಒಂದೇ ಕಾಯಿಲೆಯ ಎರಡು ಮುಖ. ಅತಿ ಹೆಚ್ಚು ಹೊತ್ತು ತಿನ್ನುವುದೂ ಇದೇ, ಅತಿ ಅಪಾಯದ್ದೂ ಇದೇ.

ಪಾಲಿ ಎಲ್ಲ ಟೆಸ್ಟ್‌ಗಳನ್ನೂ ಓಡಿಸುವುದಿಲ್ಲ. ‘ಕೊನೆಯ ಸಲ ಎಲ್ಲವೂ ಸರಿಯಿದ್ದ ಜಾಗ’ದಿಂದ ಈಚೆಗೆ ಯಾವ ಬ್ರಿಕ್ ಬದಲಾಗಿದೆಯೋ, ಅದನ್ನು ನೇರವಾಗಿಯೋ ಸುತ್ತಿಬಳಸಿಯೋ ನಂಬಿದ ಬ್ರಿಕ್ ಯಾವುದಿದೆಯೋ, ಅವುಗಳದ್ದನ್ನು ಮಾತ್ರ ಓಡಿಸುತ್ತದೆ. ಆ ಜಾಗವನ್ನು ಗುರುತಿಸುವುದು ಗಿಟ್ ಟ್ಯಾಗ್. ನೀವು ಏನೂ ಬದಲಿಸದಿದ್ದರೆ ‘ಸ್ಟೇಬಲ್-’ ಎಂದು ಶುರುವಾಗುವ ಯಾವುದೇ ಟ್ಯಾಗ್. ಅಂಥ ಟ್ಯಾಗ್ ಒಂದೂ ಸಿಗದಿದ್ದರೆ ರೆಪೊದ ಮೊಟ್ಟಮೊದಲ ಕಮಿಟ್‌ನಿಂದ ಲೆಕ್ಕ ಹಾಕುತ್ತದೆ.

ಟೆಸ್ಟ್ ಪಾಸಾದ ಮೇಲೆ ಪಾಲಿ ತಾನೇ ಟ್ಯಾಗ್ ಹಾಕುವುದಿಲ್ಲ. ಪಾಸಾದ ಟೆಸ್ಟ್‌ಗಳೇ ಮತ್ತೆ ಮತ್ತೆ ಓಡುತ್ತಿದ್ದರೆ ಕಾರಣ ಇಷ್ಟೇ. ‘ಗಿಟ್ ಟ್ಯಾಗ್ -ಎಫ್ ಸ್ಟೇಬಲ್-’ ಮುಂದೆ ನಿಮ್ಮ ಹೆಸರು ಸೇರಿಸಿ ಹೊಡೆಯಿರಿ. ‘-ಎಫ್’ ಯಾಕೆಂದರೆ ಟ್ಯಾಗ್ ಹಳೆಯ ಕಮಿಟ್‌ನಿಂದ ಹೊಸದಕ್ಕೆ ಸರಿಯಬೇಕು. ಕಮಿಟ್ ಮಾಡದೆ ಟ್ಯಾಗ್ ಹಾಕಿದರೆ ಹಳೆಯ ಕಮಿಟ್‌ಗೇ ಅಂಟುತ್ತದೆ, ‘ಪಾಲಿ ಇನ್ಫೋ’ದಲ್ಲಿ ಬದಲಾದ ಬ್ರಿಕ್‌ನ ಪಕ್ಕ ಕಾಣುವ ನಕ್ಷತ್ರ ಚಿಹ್ನೆ ಹೋಗುವುದಿಲ್ಲ.

ಅಪಾಯ ಇರುವುದು ಸಿಐ ಸರ್ವರ್‌ನಲ್ಲಿ, ಅಂದರೆ ಕೋಡ್ ಪುಶ್ ಆದಾಗ ತಾನಾಗಿ ಬಿಲ್ಡ್, ಟೆಸ್ಟ್ ಓಡಿಸುವ ಗಣಕದಲ್ಲಿ. ಗಿಟ್‌ಹಬ್ ಆ್ಯಕ್ಷನ್ಸ್‌ನ ಚೆಕ್‌ಔಟ್ ಹಂತ, ಬೇರೇನೂ ಹೇಳದಿದ್ದರೆ, ಒಂದೇ ಒಂದು ಕಮಿಟ್ ಇಳಿಸುತ್ತದೆ, ಟ್ಯಾಗ್‌ಗಳನ್ನು ತರುವುದಿಲ್ಲ. ಈಗ ಪಾಲಿಯ ಕಣ್ಣಿಂದ ನೋಡಿ. ಸ್ಟೇಬಲ್ ಟ್ಯಾಗ್ ಇಲ್ಲ, ಹಾಗಾದರೆ ಮೊದಲ ಕಮಿಟ್ ಹಿಡಿ. ಇರುವುದೇ ಒಂದು ಕಮಿಟ್, ಅದೇ ಮೊದಲನೆಯದು, ಅದೇ ಕೊನೆಯದು. ವ್ಯತ್ಯಾಸ ಸೊನ್ನೆ. ಬದಲಾದ ಬ್ರಿಕ್ ಇಲ್ಲ, ಓಡಿಸಬೇಕಾದ ಟೆಸ್ಟ್ ಇಲ್ಲ, ಬಿಲ್ಡ್ ಹಸಿರು. ಕೆಂಪು ಬಂದರೆ ಯಾರಾದರೂ ನೋಡುತ್ತಾರೆ. ಕೆಲವೇ ಸೆಕೆಂಡಿನಲ್ಲಿ ಹಸಿರಾದ ಬಿಲ್ಡ್ ಯಾಕೆ ಅಷ್ಟು ಬೇಗ ಮುಗಿಯಿತು ಎಂದು ಯಾರೂ ಕೇಳುವುದಿಲ್ಲ. ಚೆಕ್‌ಔಟ್‌ನಲ್ಲಿ ‘ಫೆಚ್-ಡೆಪ್ತ್: 0’ ಹಾಕಿ, ಪೂರ್ತಿ ಇತಿಹಾಸವೂ ಟ್ಯಾಗ್‌ಗಳೂ ಬರುತ್ತವೆ. ಗಿಟ್‌ಲ್ಯಾಬ್ ಆದರೆ ‘ಗಿಟ್_ಡೆಪ್ತ್’ ಬೆಲೆಯನ್ನು 0 ಮಾಡಿ. ಟೆಸ್ಟ್‌ಗೆ ಮುಂಚೆ ‘ಪಾಲಿ ಇನ್ಫೋ’ ಓಡಿಸಿ ಲಾಗ್‌ನಲ್ಲಿ ಉಳಿಯುವಂತೆ ಮಾಡುವುದು ಒಳ್ಳೆಯದು. ಯಾವ ಬ್ರಿಕ್‌ನ ಎದುರು ಎಕ್ಸ್ ಇತ್ತು ಎಂದು ಆಮೇಲೆ ನೋಡಬಹುದು.

ಅನುಮಾನ ಬಂದಾಗ ಈ ಕ್ರಮದಲ್ಲಿ ನೋಡಿ. ‘ಪಾಲಿ ಇನ್ಫೋ’ದ ತಲೆಯಲ್ಲಿ ‘ಸ್ಟೇಬಲ್ ಸಿನ್ಸ್’ ಎಂಬ ಸಾಲಿದೆ. ಕಮಿಟ್ ಸಂಖ್ಯೆಯ ಮುಂದೆ ಟ್ಯಾಗ್ ಹೆಸರೂ ಇದ್ದರೆ ಟ್ಯಾಗ್ ಸಿಕ್ಕಿದೆ. ಬರೀ ಸಂಖ್ಯೆಯಿದ್ದರೆ ಮೊದಲ ಕಮಿಟ್‌ಗೆ ಜಾರಿದೆ. ಆಮೇಲೆ ‘ಪಾಲಿ ಡಿಫ್’, ಯಾವ ಫೈಲ್‌ಗಳನ್ನು ಬದಲಾದವೆಂದು ಎಣಿಸಿದೆ ಎಂದು ತೋರಿಸುತ್ತದೆ. ನಂತರ ‘ಗಿಟ್ ಲಾಗ್ --ಒನ್‌ಲೈನ್ --ಡೆಕೊರೇಟ್’ ಹೊಡೆದು ನೀವು ಅಂದುಕೊಂಡ ಟ್ಯಾಗ್ ಈ ಬ್ರಾಂಚ್‌ನ ಸಾಲಿನಲ್ಲಿ ಇದೆಯೇ ಹುಡುಕಿ. ಸ್ಕ್ವಾಶ್ ಮಾಡಿ (ಬ್ರಾಂಚ್‌ನ ಕಮಿಟ್‌ಗಳನ್ನೆಲ್ಲ ಒಂದೇ ಹೊಸ ಕಮಿಟ್ ಮಾಡಿ) ಮರ್ಜ್ ಮಾಡುವ ತಂಡಗಳಲ್ಲಿ ಟ್ಯಾಗ್ ಹಳೆಯ ಬ್ರಾಂಚ್‌ನ ಕಮಿಟ್‌ಗೆ ಅಂಟಿ ಅಲ್ಲೇ ಉಳಿದುಬಿಡುತ್ತದೆ, ಮೇನ್ ಬ್ರಾಂಚ್‌ನ ಇತಿಹಾಸದಲ್ಲಿ ಅದು ಇರುವುದೇ ಇಲ್ಲ. ಅದಕ್ಕೇ ಸಿಐ ಟ್ಯಾಗನ್ನು ಮರ್ಜ್ ಆದ ಮೇಲೆ, ಮೇನ್ ಬ್ರಾಂಚ್‌ನಲ್ಲಿ ಟೆಸ್ಟ್ ಪಾಸಾದ ನಂತರವೇ ಹಾಕಬೇಕು. ಟ್ಯಾಗ್ ಪುಶ್ ಮಾಡಲು ಗಿಟ್‌ಹಬ್ ಆ್ಯಕ್ಷನ್ಸ್‌ನಲ್ಲಿ ‘ಕಂಟೆಂಟ್ಸ್: ರೈಟ್’ ಅನುಮತಿಯೂ ಬೇಕು.

ಸರಿಯುವ ಟ್ಯಾಗ್‌ನಿಂದ ಒಂದು ಸಣ್ಣ ಕಿರಿಕಿರಿ: ಉಳಿದವರು ‘ಗಿಟ್ ಫೆಚ್ --ಟ್ಯಾಗ್ಸ್’ ಹೊಡೆದಾಗ ‘ಈಗಿರುವ ಟ್ಯಾಗ್ ಅಳಿಸಿಹೋಗುತ್ತದೆ’ ಎಂದು ಗಿಟ್ ನಿರಾಕರಿಸುತ್ತದೆ. ಜೊತೆಗೆ ‘--ಫೋರ್ಸ್’ ಕೊಡಬೇಕು.

ಟ್ಯಾಗ್ ಸರಿಯಿದ್ದೂ ಟೆಸ್ಟ್ ಓಡದಿದ್ದರೆ ಇನ್ನು ಮೂರು ಸಾಧ್ಯತೆ ಉಳಿದಿವೆ. ಡೆವಲಪ್‌ಮೆಂಟ್ ಪ್ರಾಜೆಕ್ಟ್‌ನಲ್ಲಿ ಮಾತ್ರ ಇರುವ ಬ್ರಿಕ್ ಸಾಮಾನ್ಯ ‘ಪಾಲಿ ಟೆಸ್ಟ್’ಗೆ ಸಿಗುವುದಿಲ್ಲ, ‘:ಡೆವ್’ ಸೇರಿಸಬೇಕು. ಪ್ರಾಜೆಕ್ಟ್‌ನ ಸ್ವಂತ ಟೆಸ್ಟ್ ಫೋಲ್ಡರ್‌ನಲ್ಲಿರುವವು ‘:ಪ್ರಾಜೆಕ್ಟ್’ ಎಂದಾಗಲೇ ಓಡುತ್ತವೆ. ಮತ್ತೆ ‘ವರ್ಕ್‌ಸ್ಪೇಸ್.ಇಡಿಎನ್’ನಲ್ಲಿ ಯಾವುದೋ ಕಾಲದಲ್ಲಿ ಗಲ್ಲಾ ಪ್ರಾಜೆಕ್ಟ್‌ಗೆ ‘:ಟೆಸ್ಟ್’ ಪಟ್ಟಿ ಬರೆದು, ಬಿಲ್ಲಿನ ಟೆಸ್ಟ್ ಮಾತ್ರ ಸಾಕು ಎಂದಿಟ್ಟಿರಬಹುದು. ಆಮೇಲೆ ಸೇರಿದ ಬ್ರಿಕ್‌ಗಳು ಆ ಪಟ್ಟಿಯ ಹೊರಗೇ ಉಳಿಯುತ್ತವೆ. ಯಾವುದೂ ಬಗೆಹರಿಯದೆ ಬಿಡುಗಡೆ ಹತ್ತಿರ ಬಂದಿದ್ದರೆ ‘ಪಾಲಿ ಟೆಸ್ಟ್ :ಆಲ್ :ಡೆವ್’ ಹೊಡೆದು ಚಹಾ ಕುಡಿದು ಬನ್ನಿ.

ರೆಪ್ಲ್‌ನಲ್ಲಿ ಸರಿ, ಜಾರ್‌ನಲ್ಲಿ ಇಲ್ಲ

ಪಾಲಿಯಲ್ಲಿ ಬಿಲ್ಡ್ ಮಾಡುವ ಕಮಾಂಡ್ ಇಲ್ಲ, ಹುಡುಕಬೇಡಿ. ಜಾರ್ ಕಟ್ಟುವುದು ‘ಟೂಲ್ಸ್.ಬಿಲ್ಡ್’ ಕೆಲಸ, ಅದರ ‘ಬಿಲ್ಡ್.ಸಿಎಲ್‌ಜೆ’ ನೀವೇ ಬರೆಯಬೇಕು. ಕಟ್ಟಿದ ಜಾರ್ ‘ಮೇನ್ ಕ್ಲಾಸ್ ಸಿಗಲಿಲ್ಲ’ ಎಂದರೆ ಕೌಂಟರ್ ಬೇಸ್‌ನ ಕೋರ್ ಫೈಲ್ ತಲೆಯಲ್ಲಿ ‘:ಜೆನ್-ಕ್ಲಾಸ್’ ಇದೆಯೇ ನೋಡಿ.

ಅದಕ್ಕಿಂತ ಸೂಕ್ಷ್ಮವಾದ್ದು ಲೈಬ್ರರಿ ಕಾಣೆಯಾಗುವುದು. ಅವಸರದಲ್ಲಿ ಒಂದು ಜೇಸನ್ ಲೈಬ್ರರಿಯನ್ನು ಬೇರಿನ ‘ಡೆಪ್ಸ್.ಇಡಿಎನ್’ಗೆ ಸೇರಿಸಿ, ಬಿಲ್ಲು ಕಾಂಪೊನೆಂಟ್‌ನ ‘ಡೆಪ್ಸ್.ಇಡಿಎನ್’ಗೆ ಸೇರಿಸಲು ಮರೆತಿರುತ್ತೀರಿ. ರೆಪ್ಲ್ ಓಡುವುದು ಬೇರಿನ ಕ್ಲಾಸ್‌ಪಾತ್‌ನಲ್ಲಿ, ಅದಕ್ಕೆ ಎಲ್ಲವೂ ಸಿಗುತ್ತದೆ. ಗಲ್ಲಾ ಪ್ರಾಜೆಕ್ಟ್‌ಗೆ ಸಿಗುವುದು ಬಿಲ್ಲು ತಂದದ್ದು ಮಾತ್ರ. 107 ಇಂಟರ್‌ಫೇಸ್‌ಗಳನ್ನಷ್ಟೇ ಕಾಯುತ್ತದೆ, ಹೊರಗಿನ ಲೈಬ್ರರಿಗಳನ್ನಲ್ಲ. ‘ಪಾಲಿ ಲಿಬ್ಸ್’ ಹೊಡೆಯಿರಿ. ಲೈಬ್ರರಿಯ ಸಾಲಿನಲ್ಲಿ ಡೆವ್ ಕಾಲಂನಲ್ಲಿ ಎಕ್ಸ್ ಇದ್ದು, ಗಲ್ಲಾ ಕಾಲಂನಲ್ಲೂ ಬಿಲ್ಲು ಕಾಲಂನಲ್ಲೂ ಗೀಟು ಇದ್ದರೆ ಕಳ್ಳ ಸಿಕ್ಕ. ‘ಪಾಲಿ ಟೆಸ್ಟ್’ ಪ್ರತಿ ಪ್ರಾಜೆಕ್ಟ್‌ಗೂ ಅದರದೇ ಕ್ಲಾಸ್‌ಪಾತ್ ಕಟ್ಟಿ ಓಡಿಸುವುದರಿಂದ, ಬಿಲ್ಲಿಗೆ ಒಂದು ಟೆಸ್ಟ್ ಇದ್ದರೂ ಸಾಕು, ಈ ತಪ್ಪು ಜಾರ್‌ವರೆಗೆ ಹೋಗುವುದಿಲ್ಲ. ರೆಪ್ಲ್‌ನಲ್ಲಿ ಮಾತ್ರ ಟೆಸ್ಟ್ ಓಡಿಸಿ ಕೈತೊಳೆದುಕೊಳ್ಳುವವರಿಗೆ ಇದು ಸಿಕ್ಕಿಬೀಳುವುದಿಲ್ಲ.

ಆಫೀಸ್ ನೆಟ್‌ವರ್ಕ್‌ನಲ್ಲಿ ಲೈಬ್ರರಿ ಇಳಿಯುವುದಿಲ್ಲ

‘ಪಿಕೆಐಎಕ್ಸ್ ಪಾತ್ ಬಿಲ್ಡಿಂಗ್ ಫೇಲ್ಡ್’ ಎಂದರೆ ನಡುವೆ ಕೂತ ಕಂಪನಿಯ ಪ್ರಾಕ್ಸಿ ತನ್ನ ಸರ್ಟಿಫಿಕೇಟ್ ತೋರಿಸುತ್ತಿದೆ, ಜಾವಾ ಅದನ್ನು ನಂಬುತ್ತಿಲ್ಲ. ಬ್ರೌಸರ್‌ನಲ್ಲಿ ಅದೇ ವಿಳಾಸ ತೆರೆಯುತ್ತದೆ, ಏಕೆಂದರೆ ಜಾವಾಗೆ ತನ್ನದೇ ಸರ್ಟಿಫಿಕೇಟ್ ಪೆಟ್ಟಿಗೆ ಇದೆ, ಹೆಸರು ‘ಸಿಎಸರ್ಟ್ಸ್’. ಐಟಿ ವಿಭಾಗದಿಂದ ಬೇರು ಸರ್ಟಿಫಿಕೇಟ್ ಪಡೆದು ‘ಕೀಟೂಲ್ -ಇಂಪೋರ್ಟ್‌ಸರ್ಟ್ -ಸಿಎಸರ್ಟ್ಸ್’ ಮೂಲಕ ಸೇರಿಸಿ; ಬದಲಿಸದಿದ್ದರೆ ಪಾಸ್‌ವರ್ಡ್ ‘ಚೇಂಜ್‌ಇಟ್’. ಹೊಸ ಜಾವಾ ಹಾಕಿದಾಗ ಪೆಟ್ಟಿಗೆಯೂ ಹೊಸದಾಗುತ್ತದೆ, ಹಾಗಾಗಿ ತಿಂಗಳುಗಟ್ಟಲೆ ಸರಿಯಿದ್ದದ್ದು ಒಂದು ಅಪ್‌ಡೇಟ್ ನಂತರ ಕೆಟ್ಟರೆ ಮತ್ತೆ ಇದನ್ನೇ ಮಾಡಿ.

ಪ್ರಾಕ್ಸಿ ವಿಳಾಸವನ್ನು ಶೆಲ್‌ನ ‘ಎಚ್‌ಟಿಟಿಪಿ_ಪ್ರಾಕ್ಸಿ’ಯಲ್ಲಿ ಇಟ್ಟರೆ ಜಾವಾ ನೋಡುವುದಿಲ್ಲ. ಹೋಮ್ ಫೋಲ್ಡರ್‌ನ ‘.ಎಂ2/ಸೆಟ್ಟಿಂಗ್ಸ್.ಎಕ್ಸ್‌ಎಂಎಲ್’ನಲ್ಲಿ ಬರೆಯಿರಿ. ಜೆವಿಎಂ ಆಯ್ಕೆಯಾಗಿಯೇ ಕೊಡುವುದಾದರೆ ಹೆಸರು ಗಮನಿಸಿ: ‘ಕ್ಲೋಜರ್’ ಕಮಾಂಡ್ ಅವಲಂಬನೆ ಹುಡುಕುವಾಗ ಓದುವುದು ‘ಸಿಎಲ್‌ಜೆ_ಜೆವಿಎಂ_ಆಪ್ಟ್ಸ್’, ಪ್ರೋಗ್ರಾಂ ಓಡಿಸುವಾಗ ‘ಜಾವಾ_ಆಪ್ಟ್ಸ್’, ಪಾಲಿ ಜಾರ್ ಓಡಿಸುವ ಸ್ಕ್ರಿಪ್ಟ್‌ನಲ್ಲಿ ರೂಢಿಯಲ್ಲಿರುವುದು ‘ಜೆವಿಎಂ_ಆಪ್ಟ್ಸ್’. ಒಂದರಲ್ಲಿ ಇಟ್ಟದ್ದು ಇನ್ನೊಂದಕ್ಕೆ ಗೊತ್ತಾಗುವುದಿಲ್ಲ.

ಇಷ್ಟಾದರೂ ಬಗೆಹರಿಯದೆ ಬೇರೆಯವರನ್ನು ಕೇಳುವ ಹೊತ್ತು ಬಂದರೆ, ಸ್ಕ್ರೀನ್‌ಶಾಟ್ ಬದಲು ‘ಪಾಲಿ ಡಬ್ಲ್ಯುಎಸ್ ಔಟ್:ಅಂಗಡಿ.ಇಡಿಎನ್’ ಹೊಡೆಯಿರಿ. ವರ್ಕ್‌ಸ್ಪೇಸ್ ಬಗ್ಗೆ ಟೂಲ್‌ಗೆ ತಿಳಿದದ್ದೆಲ್ಲ ಒಂದು ಫೈಲ್ ಆಗುತ್ತದೆ. ಎದುರಿನವರು ನಿಮ್ಮ ಕೋಡ್ ಇಲ್ಲದೆಯೇ ‘ಪಾಲಿ ಇನ್ಫೋ ಡಬ್ಲ್ಯುಎಸ್-ಫೈಲ್:ಅಂಗಡಿ.ಇಡಿಎನ್’ ಎಂದು ನಿಮ್ಮ ಕೋಷ್ಟಕವನ್ನೇ ನೋಡಬಹುದು. ಅದರೊಳಗೆ ನಿಮ್ಮ ಗಣಕದ ಪೂರ್ಣ ಫೋಲ್ಡರ್ ದಾರಿ, ಬ್ರಿಕ್‌ಗಳ ಮತ್ತು ಲೈಬ್ರರಿಗಳ ಹೆಸರು ಇರುತ್ತವೆ; ಕಂಪನಿಯ ಹೊರಗೆ ಕಳಿಸುವ ಮುನ್ನ ಎಡಿಟರ್‌ನಲ್ಲಿ ಒಮ್ಮೆ ತೆರೆದು ನೋಡಿ.